ಪುಟ್ಟತಾಯಿಯ ಗಂಜಿ

ಯಜಮಾನರಿಗೆ ವಿಷ ಹಾಕಿದವರು ಯಾರು ಎಂಬುದು ಆ ಧಾರಾವಾಹಿ ಬರೆಯುತ್ತಿದ್ದ ಮನೋಹರನಿಗೇ ಗೊತ್ತಿರಲಿಲ್ಲ. ಶುರುವಿನಲ್ಲಿ ಗೊತ್ತಿತ್ತು, ಪಾಪ. ಯಜಮಾನರ ತಮ್ಮನೇ ಎಂದು ನಿಶ್ಚಯ ಮಾಡಿಕೊಂಡು, ಅಲ್ಲಲ್ಲಿ ಸುಳಿವು ಇಟ್ಟು, ಅಚ್ಚುಕಟ್ಟಾಗಿಯೇ ಬರೆದಿದ್ದ. ಆದರೆ ಜನ ಆ ತಮ್ಮನನ್ನು ಮೆಚ್ಚಿಕೊಂಡುಬಿಟ್ಟರು. ಚಾನೆಲ್‌ನ ಸಂಜಯ್ ಫೋನ್ ಮಾಡಿ, ಅವನು ಒಳ್ಳೆಯವನಾಗಲಿ ಎಂದ. ತಮ್ಮ ಒಳ್ಳೆಯವನಾದ, ವಕೀಲ ಕೆಟ್ಟವನಾದ. ವಕೀಲನ ಪಾತ್ರಧಾರಿಗೆ ಸಿನಿಮಾದಲ್ಲಿ ಅವಕಾಶ ಬಂತು; ವಕೀಲ ಲಾರಿಯಡಿ ಸತ್ತ. ಆಮೇಲೆ ಯಜಮಾನರ ಎಂದೋ ಸತ್ತಿದ್ದ ಮೊದಲ ಹೆಂಡತಿ ಎದ್ದು ಬಂದು ಕೆಟ್ಟವಳಾದಳು. ನೋಡುವವರು ಮಾತ್ರ ಪ್ರತಿ ಸಲವೂ "ನಂಗೆ ಮೊದ್ಲೇ ಡೌಟಿತ್ತು" ಎನ್ನುತ್ತಿದ್ದರು. ನಾಚಿಕೆ ಬರೆಯುವವನಿಗೂ ಇರಲಿಲ್ಲ, ನೋಡುವವರಿಗೂ ಇರಲಿಲ್ಲ.

ಬದಲಾಗದೆ ಉಳಿದವಳು ಪುಟ್ಟತಾಯಿ ಒಬ್ಬಳೇ, ಯಜಮಾನರಿಗೆ ಗಂಜಿ ಕುಡಿಸುತ್ತಿದ್ದ ಆಯಾ. ಅವಳು ಹುಟ್ಟಿದ್ದೇ ಮನೋಹರನ ಅವ್ವನಿಂದ. ಅವ್ವ ಸಿದ್ದಲಿಂಗಮ್ಮ ಅಗ್ರಹಾರದ ಒಂದು ಮನೆಯಲ್ಲಿ, ಹಾಸಿಗೆ ಹಿಡಿದ ಚಾಮುಂಡೇಶ್ವರಮ್ಮನನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದಳು. ಮಗ ಸಂಪಾದನೆಗೆ ನಿಂತ ಮೇಲೂ ಬಿಟ್ಟಿರಲಿಲ್ಲ.

"ದುಡ್ಡಿಗಲ್ಲ ಕಣೋ. ನನ್ ಕೈಲಲ್ದೆ ಆಯಮ್ಮ ಒಂದ್ ಗುಟುಕೂ ಕುಡಿಯಲ್ಲ" ಎಂಬ ಹೆಮ್ಮೆ ಅವಳಿಗೆ.

ಸೆರಗಿನ ತುದಿಗೆ ಬೀಗದ ಕೈ ಗಂಟು ಹಾಕುವುದು, ರಾಗಿ ಗಂಜಿ ಊದುತ್ತಾ ಮಗುವನ್ನು ರಮಿಸುವಂತೆ ರಮಿಸುವುದು, ಎಲ್ಲವನ್ನೂ ಮಗ ಎತ್ತಿ ಪುಟ್ಟತಾಯಿಗೆ ಕೊಟ್ಟಿದ್ದ. ಆ ಮನೆಯ ಸೊಸೆ ಸುಮಾ ಟಿ.ವಿ. ನೋಡಿ, "ಥೇಟ್ ನೀವೇ ಸಿದ್ದಮ್ಮ!" ಎಂದು ನಗುತ್ತಿದ್ದಳಂತೆ.

ಒಂದು ದಿನ ಸಂಜಯ್, "ಈ ಸಲ ಪುಟ್ಟತಾಯಿ. ಯಾರೂ ಊಹಿಸಿರಲ್ಲ" ಎಂದ.

"ಅವಳೊಬ್ಬಳನ್ನ ಬಿಟ್ಟುಬಿಡಿ ಸಾರ್."

"ನೀವು ಬರೀದಿದ್ರೆ ಬೇರೆಯವ್ರು ಬರೀತಾರೆ ಮನೋಹರ್."

ಬರೆದ. ಹೇಗೂ ತಿಂಗಳೊಳಗೆ ಇನ್ಯಾರೋ ಆಗುತ್ತಾರೆ ಎಂದು ಸಮಾಧಾನ ಮಾಡಿಕೊಂಡೇ ಬರೆದ. ಚೆನ್ನಾಗಿಯೇ ಬರೆದ, ಅದೇ ಕರ್ಮ. ಪುಟ್ಟತಾಯಿ ಗಂಜಿ ಊದಿದಳು, ಸೆರಗಿನ ಗಂಟು ಬಿಚ್ಚಿದಳು, ಬಿಳಿ ಪುಡಿ ಉದುರಿಸಿದಳು, ಮತ್ತೆ ಊದಿದಳು. ಅಂದು ಟಿ.ವಿ. ಮುಂದೆ ಕೂತಿದ್ದ ಅವ್ವ ಎದ್ದು ಪಾತ್ರೆ ತೊಳೆಯಲು ಹೋದಳು.

ಕೆಲವು ದಿನ ಕಳೆದ ಮೇಲೆ ಅವಳ ಎಡ ಅಂಗೈ ಕೆಂಪಗೆ ಬೆಂದಿರುವುದು ಮನೋಹರನ ಕಣ್ಣಿಗೆ ಬಿತ್ತು.

"ಏನವ್ವ ಇದು?"

"ಗಂಜಿ ಬಿಸಿ ಇತ್ತು."

"ಕೈ ಮೇಲೆ ಯಾಕೆ ಬಿತ್ತು?"

ಅವಳು ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಸುಮಮ್ಮ ಗಂಜಿ ಅಲ್ಲೇ ಇಡಿ, ನಾನೇ ಕುಡಿಸ್ತೀನಿ ಅಂದ್ರು. ಆಯಮ್ಮ ಬಾಯೇ ಬುಡ್ಲಿಲ್ಲ. ಸುಮಮ್ಮನ ಕಣ್ಣು ನನ್ ಸೆರಗಿನ ಗಂಟಿನ ಮೇಲೆ. ಅದ್ಕೆ ಗಂಜಿ ಮತ್ತೆ ಕಾಯಿಸಿ, ಒಲೆಯಿಂದ ಇಳಿಸ್ತಿದ್ದಂಗೇ ಅವರ ಮುಂದೇನೇ ಅಂಗೈಗೆ ಒಂದಿಷ್ಟು ಸುರ್ಕೊಂಡು ಕುಡಿದೆ. ಆಮೇಲೆ ನಂಗೇ ಕುಡ್ಸೋಕೆ ಬುಟ್ರು. ಈಗ ದಿನಾ ಅಂಗೇ."

"ಕುಡಿದು ತೋರ್ಸು ಅಂತ ಅವರು ಕೇಳಿದ್ರಾ?"

"ಕೇಳ್ಲಿಲ್ಲ. ಬೇಡ ಅಂತಾನೂ ಅನ್ಲಿಲ್ಲ."

"ಬಿಟ್ಬುಡವ್ವ ಆ ಮನೇನ."

"ಈಗ ಬುಟ್ರೆ ನಿಜ ಅಂದ್ಕೊಳ್ಳಲ್ವಾ? ಆಯಮ್ಮ ಉಪವಾಸ ಸಾಯಲ್ವಾ?" ಎಂದಳು ಅವ್ವ. ಆಮೇಲೆ ಅವನನ್ನೇ ಸಂತೈಸುವಂತೆ, "ನೀನು ಎಂಗೂ ಬದಲಾಯಿಸ್ತೀಯಲ್ಲ, ಮಾಮೂಲಿನಂಗೆ ಬೇರೆ ಯಾರನ್ನಾದ್ರೂ ಮಾಡ್ತೀಯ. ಅಲ್ಲೀಗಂಟ ಕುಡಿದು ತೋರಿಸ್ತೀನಿ, ಬುಡು" ಎಂದು ಕಾಫಿ ಮಾಡಲು ಒಳಗೆ ಹೋದಳು.

ಅವನು ಜಗುಲಿಗೆ ಬಂದು ಸಂಜಯ್‌ಗೆ ಫೋನ್ ಮಾಡಿದ.

"ಬದಲಾಯಿಸೋದಾ? ಟಿಆರ್‌ಪಿ ನೋಡಿಲ್ವೇನ್ರೀ? ಇಷ್ಟು ದಿನದಲ್ಲಿ ವಿಷ ಹಾಕಿದ್ದು ಇವಳೇ ಅಂತ ಈಗ್ಲೇ ಜನ ನಿಜವಾಗ್ಲೂ ನಂಬಿರೋದು. ಇನ್ಮೇಲೆ ಕೊನೇವರೆಗೂ ಪುಟ್ಟತಾಯೀನೇ."

ತಮ್ಮನೇ ವಿಷ ಹಾಕಿದ ಎಂದರೆ ನಂಬದ ಜನ, ಕರಿಕೋಟಿನ ವಕೀಲನೇ ಎಂದರೂ ನಂಬದ ಜನ, ಗಂಜಿ ಕುಡಿಸುವವಳೇ ಎಂದದ್ದನ್ನು ಒಂದೇ ಏಟಿಗೆ ನಂಬಿದ್ದರು. ಅವರಿಗೆ ನಂಬುವ ಹಾಗೆ ಬರೆದುಕೊಟ್ಟವನು ತಾನೇ.

ಅವ್ವ ಕಾಫಿ ತಂದಳು. "ಏನಂದ್ರು?"

"ನೋಡೋಣ ಅಂದ್ರು."

"ನಾನ್ ಏಳ್ಲಿಲ್ವಾ" ಎಂದು ಅವಳು ಮುಖ ಅರಳಿಸಿದಳು. ಲೋಟವನ್ನು ಮಗನತ್ತ ಚಾಚಲು ಹೋದವಳು, ತನಗೇ ಅರಿವಿಲ್ಲದೆ, ಆ ಕೆಂಪು ಅಂಗೈಗೆ ಒಂದಿಷ್ಟು ಕಾಫಿ ಸುರಿದುಕೊಂಡು ಕುಡಿದಳು. ಆಮೇಲೆ ಅವನಿಗೆ ಕೊಟ್ಟಳು.