ಹಿಂದಿನ ಕಿಟಕಿ

ಬಸ್ಸಿನ ಹೊಟ್ಟೆಯಡಿ ಮಂಡಿಯೂರಿ ಕುಳಿತು ಆಕೆ ಕೊಳೆನೀರಿನ ಟ್ಯಾಂಕಿನ ಹಿಡಿಯನ್ನು ಎಳೆಯುತ್ತಿದ್ದಳು. ಹಿಡಿ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಗಾಲಿಗೆ ಕಾಲು ಒತ್ತಿ, ಮೈಭಾರವನ್ನೆಲ್ಲ ಬಿಟ್ಟು ಎಳೆದಾಗ ಕಿರ್ರೆಂದು ಬಂತು. ದಪ್ಪ ಪೈಪಿನೊಳಗೆ ಗುಡುಗುಡು ಸದ್ದು ಮಾಡುತ್ತ ಎಲ್ಲವೂ ಮೋರಿಯ ಕಡೆ ಹರಿಯಿತು.

"ಅಮ್ಮ, ಇವತ್ತು ಈ ಕೆಲಸ ಮಾಡ್ಬೇಕಾ ನೀನು?" ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಗ್ಗಿ ನೋಡಿದಳು.

"ತುಂಬಿದೆ. ನಿನ್ನೆಯಿಂದ ಬಂದವರೆಲ್ಲ ನಮ್ಮ ಕಕ್ಕಸಿಗೇ ಹೋಗಿದಾರೆ."

"ಅಪ್ಪನ್ನ ಮೇಲೆ ಮಲಗಿಸಿದೀವಿ, ನೀನು ನೋಡಿದ್ರೆ..."

"ನಿಮ್ಮಪ್ಪ ಬದುಕಿದ್ದಾಗಲೂ ಮೇಲೆ ಮಲಗಿರ್ತಿದ್ರು, ನಾನು ಕೆಳಗೆ ಇದನ್ನೇ ಮಾಡ್ತಿದ್ದೆ. ಸ್ವಲ್ಪ ಆ ನಲ್ಲಿ ತಿರುಗಿಸು, ಪೈಪ್ ತೊಳೀಬೇಕು."

ಬಸ್ಸನ್ನು ಮನೆ ಮಾಡಿಕೊಂಡ ದಿನವೇ ಆದ ಪಾಲು ಅದು. ಇಂಜಿನ್ನು ಗಂಡನದು, ಕೊಳೆ ಹೆಂಡತಿಯದು. ಗಂಡ ಬಸ್ ಓಡಿಸಿಯೇ ನಿವೃತ್ತನಾದವನು. ಒಂದು ಸಂಜೆ ಮನೆಗೆ ಬಂದು, ಊಟಕ್ಕೆ ಕೂತು, "ಮನೆ ಮಾರಿಬಿಟ್ಟೆ. ಗುಜರಿಗೆ ಹಾಕೋ ಬಸ್ಸೊಂದು ಸಿಕ್ಕಿದೆ. ಇನ್ಮೇಲೆ ನಾವಿಬ್ಬರೂ ಹಕ್ಕಿಗಳು" ಎಂದಿದ್ದ. ಆಕೆ ಬಡಿಸುತ್ತಿದ್ದಳು. ಸೌಟು ಒಂದು ಗಳಿಗೆ ನಿಂತಿತು, ಆಮೇಲೆ ಬಡಿಸಿದಳು. ಕೇಳಿದ್ದರೆ ಒಪ್ಪುತ್ತಿದ್ದಳೋ ಏನೋ. ಕೇಳಲಿಲ್ಲ ಅನ್ನುವುದು ಮಾತ್ರ ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಊರಾಚೆಯ ಈ ಬಯಲು ಅಂಥ ಮನೆಗಾಡಿಗಳು ಬಂದು ನಿಲ್ಲುವ ಜಾಗ. ನೀರಿನ ನಲ್ಲಿ, ಕರೆಂಟಿನ ಕಂಬ, ಮೋರಿ, ನಾಲ್ಕು ಮರ. ಮರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಂದವರು ಕೂತಿದ್ದರು. ಆಕೆ ಕೈ ತೊಳೆದು ಬರುವ ಹೊತ್ತಿಗೆ ಪಕ್ಕದ ವ್ಯಾನಿನವನು ಮಾತಿಗೆ ಶುರುಮಾಡಿದ್ದ. ಮೊಗದಲ್ಲಿ ಮೀಸೆಯೇ ಎದ್ದು ಕಾಣುತ್ತಿದ್ದುದರಿಂದ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಸತ್ತವನಿಗೆ ಕಪ್ತಾನ ಎಂದು ಹೆಸರಿಟ್ಟವನೂ ಅವನೇ.

"ಏನ್ ಕಂಡಿಲ್ಲ ಹೇಳಿ ನಮ್ಮ ಕಪ್ತಾನ? ಕೋಟೆ, ಕೆರೆ, ಜಲಪಾತ, ಬೆಟ್ಟದ ಮೇಲಿನ ಸೂರ್ಯೋದಯ. ಕಣ್ಣಿಗೆ ಕಟ್ಟೋ ಹಾಗೆ ಹೇಳೋರು. ಪುಣ್ಯವಂತರಪ್ಪ, ಗಂಡಹೆಂಡತಿ ಜೋಡೀಲಿ ಲೋಕ ಸುತ್ತಿದ್ರು."

ಆಕೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಕಪ್ತಾನ ಒಂದು ಕೋಟೆಯನ್ನೂ ಹತ್ತಿದವನಲ್ಲ. ಎಲ್ಲಿ ನಿಲ್ಲಿಸಿದರೂ ಅವನಿಗೆ ಬಸ್ಸಿನ ಅಡಿಯಲ್ಲಿ ಏನೋ ಒಂದು ಕೇಳಿಸುತ್ತಿತ್ತು. "ನೀನು ನೋಡ್ಕೊಂಡು ಬಾ, ನಾನು ಇದನ್ನ ನೋಡ್ತೀನಿ" ಎಂದು ಅಡಿಗೆ ನುಗ್ಗುತ್ತಿದ್ದ. ಆಕೆ ಒಬ್ಬಳೇ ಹತ್ತಿ, ಒಬ್ಬಳೇ ನೋಡಿ, ಒಬ್ಬಳೇ ಇಳಿದು ಬರುತ್ತಿದ್ದಳು. ರಾತ್ರಿ ಊಟದ ಹೊತ್ತಿಗೆ ಹೇಗಿತ್ತೆಂದು ಹೇಳಬೇಕು. ಮುಂದಿನ ಊರಿನಲ್ಲಿ ಅದೇ ಮಾತು ಅವನ ಬಾಯಿಂದ ಹೊರಡುತ್ತಿತ್ತು. ಆಕೆಯ ಕಣ್ಣು ಸವೆಸಿ ಅವನು ಲೋಕ ನೋಡಿದ್ದ.

"ಆ ಕತೆ ಹೇಳಿ ಮೀಸೆಯವರೇ," ಎಂದ ಮೈದುನ, ಕಪ್ತಾನನ ತಮ್ಮ. "ಅತ್ತಿಗೇನ ಮರೆತು ಹೋಗಿದ್ನಲ್ಲ ಅಣ್ಣ, ಅದು."

"ಅಯ್ಯೋ, ಅದನ್ನ ಅವರ ಬಾಯಲ್ಲೇ ಕೇಳ್ಬೇಕಿತ್ತು. ಪೆಟ್ರೋಲ್ ಬಂಕಲ್ಲಿ ಅಕ್ಕ ಇಳಿದಿದಾರೆ. ಇವರು ಪರದೆ ಹಿಂದೆ ಮಲಗಿದಾಳೆ ಅಂತ ಹೊರಟೇಬಿಟ್ರು. ಜಲಪಾತದವರೆಗೂ ಖಾಲಿ ಪರದೆ ಜೊತೆ ಮಾತಾಡ್ಕೊಂಡು ಹೋಗಿದಾರೆ. ಅವತ್ತು ಗಾಡಿ ಮೈಲೇಜು ಜಾಸ್ತಿ ಬಂತು ಅನ್ನೋರು."

ಕುರ್ಚಿಗಳೆಲ್ಲ ನಕ್ಕವು. ಸಾವಿನ ಮನೆಯಲ್ಲವೇ, ಬೇಗನೆ ಸುಮ್ಮನಾದವು. ಆಕೆಯೂ ನಕ್ಕಳು. ಊರೂರಲ್ಲಿ ಆ ಕತೆಗೆ ನಕ್ಕು ನಕ್ಕು ಆ ನಗೆ ಈಗ ತಾನಾಗಿಯೇ ಬರುತ್ತಿತ್ತು.

* * *

ಅವತ್ತು ಆಕೆ ಇಳಿದದ್ದೂ ಟ್ಯಾಂಕಿನ ದೆಸೆಯಿಂದಲೇ. ನಮ್ಮದರಲ್ಲಿ ತುಂಬಿದರೆ ನಾನೇ ತಾನೇ ಖಾಲಿ ಮಾಡಬೇಕು ಎಂದು ಬಂಕಿನ ಶೌಚಾಲಯಕ್ಕೆ ಹೋಗಿದ್ದಳು. ಬೆಳಗು ಆಗಷ್ಟೇ ಹರಿಯುತ್ತಿತ್ತು. ಹಾಸಿಗೆಯ ಮುಂದಿನ ಪರದೆಯನ್ನು ಎಳೆದೇ ಇಳಿದಿದ್ದಳು. ಮುಖ ತೊಳೆದು ಹೊರಬಂದರೆ ಬಸ್ಸಿಲ್ಲ. ಅದು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ. ಫೋನು ಬಸ್ಸಿನಲ್ಲೇ ಚಾರ್ಜಿಗೆ ಹಾಕಿತ್ತು.

ಗಲ್ಲಾದಲ್ಲಿ ಕೂತಿದ್ದ ಹೆಂಗಸು ಕುರ್ಚಿ ಕೊಟ್ಟಳು. "ಬರ್ತಾರೆ ಬಿಡಿ, ಹೆಂಡ್ತೀನ ಬಿಟ್ಟು ಎಷ್ಟು ದೂರ ಹೋಗ್ತಾರೆ?"

ದೂರವೇ ಹೋಗಿದ್ದ. ಬಿಸಿಲೇರಿತು. ಆಕೆ ಮೊದಲು ಹೆದರಿದಳು, ಆಮೇಲೆ ಸಿಟ್ಟಾದಳು. ಮಧ್ಯಾಹ್ನದ ಹೊತ್ತಿಗೆ ತನಗೇ ನಾಚಿಕೆಯಾಗುವಂಥ ಒಂದು ಆಸೆ ಹುಟ್ಟಿತು. ಅವನು ಬರದೇ ಇದ್ದರೆ.

"ಇಲ್ಲಿ ಕೆಲಸ ಏನಾದ್ರೂ ಸಿಗುತ್ತಾ?" ಎಂದು ಕೇಳಿದಳು. ಕೇಳಿದ್ದು ತಾನೇ ಎಂದು ಆಕೆಗೆ ನಂಬಿಕೆಯಾಗಲಿಲ್ಲ.

"ಪಕ್ಕದ ಅಂಗಡಿಗೆ ಒಬ್ಬರು ಬೇಕಾಗಿತ್ತು. ಇರೋಕೆ ಮೇಲೊಂದು ರೂಮಿದೆ. ನೋಡ್ತೀರಾ?"

ಮೇಲೆ ಹೋಗಿ ನೋಡಿದಳು. ಒಂದು ಮಂಚ, ಗೋಡೆಯಲ್ಲಿ ಒಂದು ಮೊಳೆ, ಒಂದು ಕಿಟಕಿ. ಕಿಟಕಿಯಾಚೆ ಒಂದು ಮರ. ಆಕೆ ಮಂಚದ ಮೇಲೆ ಕೂತು ಆ ಮರವನ್ನು ನೋಡಿದಳು. ಎಷ್ಟು ಹೊತ್ತು ನೋಡಿದರೂ ಅದು ಅಲ್ಲೇ ಇತ್ತು.

ಆಗ ಕೆಳಗೆ ಹಾರನ್ನು ಕೇಳಿಸಿತು. ಕಾಲುಗಳು ತಾವಾಗಿಯೇ ಮೆಟ್ಟಿಲಿಳಿದವು. ತನ್ನ ಆ ಕಾಲುಗಳ ಮೇಲೆ ಆಕೆಗೆ ಇವತ್ತಿಗೂ ಸಿಟ್ಟಿದೆ.

ಕಪ್ತಾನ ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ ಹೊಟ್ಟೆ ಹಿಡಿದು ನಗುತ್ತಿದ್ದ. "ಅಲ್ಲ ಕಣೇ, ಜಲಪಾತ ತಲುಪಿ, ಇಂಜಿನ್ ಬೆಲ್ಟ್ ಬಿಗಿ ಮಾಡಿ, ಕೈ ತೊಳ್ಕೊಂಡು, ಟೀ ಅಂದೆ. ಮೂರು ಸಲ ಅಂದೆ. ಪರದೆ ಸರಿಸಿದ್ರೆ ನೀನೇ ಇಲ್ಲ. ಹತ್ತು, ಹೊರಡೋಣ. ಮೊದಲು ಟೀ ಇಡು."

ಆಕೆ ಹತ್ತಿದಳು. ಟೀ ಇಟ್ಟಳು. ಅವತ್ತಿನಿಂದ ಗಾಡಿ ಹೊರಡುವ ಮುಂಚೆ ಅವನು ಹಿಂದಕ್ಕೆ ತಿರುಗದೆಯೇ ಕೂಗುತ್ತಿದ್ದ: "ಇದೀಯಾ?" ಆಕೆ ಪರದೆಯ ಹಿಂದಿನಿಂದ "ಇದೀನಿ" ಎನ್ನಬೇಕು. ಅದಾದ ಮೇಲೇ ಗೇರು ಬೀಳುತ್ತಿತ್ತು. ಕಪ್ತಾನ ಹೆಂಡತಿಯನ್ನು ಎಷ್ಟು ನೋಡಿಕೊಳ್ಳುತ್ತಾನೆ ನೋಡಿ ಎಂದು ಜನ ಮೆಚ್ಚಿದರು.

* * *

ಶವದ ವ್ಯಾನು ಬಂತು. ಜೊತೆಗೇ ಫಜೀತಿಯೂ ಬಂತು. ಹಾಸಿಗೆ ಇದ್ದದ್ದು ಬಸ್ಸಿನ ಹಿಂಬದಿಯಲ್ಲಿ. ಬಾಗಿಲು ಮುಂದೆ. ನಡುವೆ ಒಂದು ಕಡೆ ಕಕ್ಕಸು, ಇನ್ನೊಂದು ಕಡೆ ಬಟ್ಟೆಯ ಬೀರು. ಎರಡನ್ನೂ ಕಪ್ತಾನನೇ ನಿಂತು ಕಟ್ಟಿದ್ದ. ಬದುಕಿರುವವರು ಮೈ ಓರೆ ಮಾಡಿಕೊಂಡು ದಾಟಬಹುದು. ನೆಟ್ಟಗೆ ಮಲಗಿದವನನ್ನು ಯಾರೂ ಓರೆ ಮಾಡುವಂತಿರಲಿಲ್ಲ. ನಾಲ್ವರು ಎತ್ತಿದರು, ತಿರುಗಿಸಿದರು, ಮತ್ತೆ ತಂದು ಹಾಸಿಗೆಗೇ ಹಾಕಿದರು.

"ನಿಲ್ಲಿಸಿಕೊಂಡು ಹೋಗೋಣ್ವಾ?" ಎಂದ ಮೈದುನ, ಹಣೆ ಒರೆಸಿಕೊಳ್ಳುತ್ತ.

"ಬೇಡ," ಎಂದಳು ಆಕೆ. "ಹಿಂದಿನ ಕಿಟಕಿ ತೆಗೀತೀನಿ."

ಹಾಸಿಗೆಯಡಿಯ ಪೆಟ್ಟಿಗೆಯಿಂದ ಸ್ಪ್ಯಾನರು ತೆಗೆದು, ಗಂಡನ ಕಾಲ ಬುಡದಲ್ಲಿ ಮಂಡಿಯೂರಿ, ಚೌಕಟ್ಟಿನ ಬೋಲ್ಟುಗಳನ್ನು ಒಂದೊಂದೇ ಬಿಚ್ಚಿದಳು. ಹೊರಗೆ ಭುಜ ಕೊಟ್ಟು ನಿಂತವರ ಮೇಲೆ ಅವನನ್ನು ಜಾರಿಸಿದರು. ಜೀವಮಾನದಲ್ಲಿ ಯಾರಿಗೂ ಮುಂದಿನ ಸೀಟು ಬಿಟ್ಟುಕೊಡದವನು ಹಿಂದಿನ ಕಿಟಕಿಯಿಂದ ಇಳಿದು ಹೋದ. ಕೊನೆಗೆ ಅವನ ಪಾದ ಆಕೆಯ ಅಂಗೈಯಿಂದ ಜಾರಿತು. ತಣ್ಣಗಿತ್ತು.

ಅಳಿಯ ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ. "ಅತ್ತೆ, ಆ ಗಾಜು ಒಂದು ಹಾಕಿಬಿಟ್ಟು ಬನ್ನಿ. ಸಂಜೆ ಗ್ಯಾರೇಜಿನವನು ಗಾಡಿ ನೋಡೋಕೆ ಬರ್ತಾನೆ."

"ಯಾವ ಗ್ಯಾರೇಜಿನವನು?"

"ಕೊಟ್ಟುಬಿಡೋಣ ಅಂತ ಮಾತಾಡಿದೀವಿ. ನೀವು ಒಬ್ಬರೇ ಇದನ್ನ ಇಟ್ಕೊಂಡು ಏನ್ಮಾಡ್ತೀರಾ? ನಮ್ಮನೇಲಿ ಮಕ್ಕಳ ರೂಮಲ್ಲೇ ನಿಮಗೊಂದು ಮಂಚ ಹಾಕಿಸ್ತೀವಿ. ಅವರಿಗೂ ಸ್ಕೂಲಿಂದ ಬಂದಾಗ ಒಬ್ಬರು ಸಿಗ್ತಾರೆ."

"ಯಾರು ಯಾರು ಮಾತಾಡಿದ್ದು?"

"ಎಲ್ಲರೂ ಅತ್ತೆ," ಎಂದು ಅವನು ಹೋದ.

ಎಲ್ಲರಲ್ಲಿ ತಾನಿಲ್ಲ ಎನ್ನುವುದು ಹೊಸ ವಿಷಯವೇನಲ್ಲ. ಆಕೆ ಗಾಜನ್ನು ಎತ್ತಿ ಚೌಕಟ್ಟಿಗೆ ಕೂರಿಸಿದಳು. ಒಬ್ಬರು ಹಿಡಿದುಕೊಂಡು ಒಬ್ಬರು ಬಿಗಿಯಬೇಕಾದ ಕೆಲಸ ಅದು. ತಲೆಯಿಂದ ಒತ್ತಿ ಹಿಡಿದು ಕೈಯಿಂದ ಬಿಗಿದಳು. ಹೊರಗೆ ಬಾಗಿಲುಗಳು ಧಡಧಡನೆ ಮುಚ್ಚಿಕೊಂಡವು, ಇಂಜಿನ್ನುಗಳು ಒಂದರ ಹಿಂದೊಂದು ಎದ್ದವು. ಕೊನೆಯ ಬೋಲ್ಟು ಬಿಗಿದು, ಗಾಜಿನ ಮೇಲಿನ ಕೈಗುರುತು ಒರೆಸಿ, ಸೀರೆ ಸರಿಮಾಡಿಕೊಂಡು ಬಾಗಿಲಿಗೆ ಬಂದರೆ ಬಯಲಿನಲ್ಲಿ ಕುರ್ಚಿಗಳು ಮಾತ್ರ ಇದ್ದವು.

ದಾರಿಯಲ್ಲಿ ಧೂಳು ಇನ್ನೂ ಇಳಿದಿರಲಿಲ್ಲ.

ಆಕೆಗೆ ಎಲ್ಲವೂ ಒಂದೇ ಸಲಕ್ಕೆ ಹೊಳೆಯಿತು. ಮಗಳು, ಅಮ್ಮ ಚಿಕ್ಕಪ್ಪನ ಕಾರಿನಲ್ಲಿದ್ದಾಳೆ ಅಂದುಕೊಂಡಿದ್ದಾಳೆ. ಮೈದುನ, ಅತ್ತಿಗೆ ಶವದ ವ್ಯಾನಿನಲ್ಲಿದ್ದಾರೆ ಅಂದುಕೊಂಡಿದ್ದಾನೆ. ಅಳಿಯ, ಅತ್ತೆ ಗಾಜು ಹಾಕಿ ಇನ್ಯಾವುದೋ ಗಾಡಿ ಹತ್ತಿರುತ್ತಾರೆ ಅಂದುಕೊಂಡಿದ್ದಾನೆ. ಅಕ್ಕ ಹೇಗೂ ಮಗಳ ಜೊತೆ ಇರುತ್ತಾರೆ ಎಂದು ಮೀಸೆಯ ಲೆಕ್ಕ. ಕರೆಯೋಣವೆಂದರೆ, ಜನ ಫೋನ್ ಮಾಡಿ ಪೀಡಿಸುತ್ತಾರೆಂದು ಬೆಳಿಗ್ಗೆಯೇ ಮಗಳು ಆಕೆಯ ಫೋನನ್ನು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು.

ಮೆಟ್ಟಿಲ ಮೇಲೆ ಕೂತಳು. ಈಗ ತಿರುಗುತ್ತಾರೆ, ಮೋರಿ ದಾಟುವಾಗ ಗೊತ್ತಾಗುತ್ತದೆ, ಸ್ಮಶಾನದ ಬಾಗಿಲಲ್ಲಾದರೂ ಗೊತ್ತಾಗುತ್ತದೆ ಎಂದು ದಾರಿ ನೋಡಿದಳು. ಕುರ್ಚಿಗಳ ನೆರಳು ಉದ್ದವಾಗಿ ಬಸ್ಸಿನ ಗಾಲಿಯವರೆಗೆ ಬಂತು. ಆಗ ಅಳು ಬಂತು. ಗಂಡ ಸತ್ತದ್ದಕ್ಕೋ, ಬಿಟ್ಟು ಹೋದದ್ದಕ್ಕೋ ಎಂದು ವಿಂಗಡಿಸುವ ಗೋಜಿಗೆ ಆಕೆ ಹೋಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. ನೋಡುವವರಿಲ್ಲದ್ದರಿಂದ ಚೆನ್ನಾಗಿಯೇ ಅತ್ತಳು.

* * *

ಕೊನೆಯ ಸಂಜೆ ಕಪ್ತಾನನಿಗೆ ಮೇಲುಸಿರು ಹತ್ತಿತ್ತು. ಗಾಡಿ ಹೊರಡುವುದಿದೆ ಎಂಬ ಭ್ರಮೆ ಅವನಿಗೆ. ಕೈ ಚಾದರದ ಮೇಲೆ ಸ್ಟಿಯರಿಂಗ್ ಹುಡುಕುತ್ತಿತ್ತು.

"ಇದೀಯಾ?" ಎಂದ.

ಆಕೆ ಅವನ ಮಗ್ಗುಲಲ್ಲೇ ಕೂತಿದ್ದಳು. ಮುಖ ಅವನ ಮುಖದ ಎದುರಿಗೇ ಇತ್ತು. "ನನ್ನ ನೋಡ್ರೀ, ಇಲ್ಲೇ ಇದೀನಲ್ಲ," ಎಂದಳು.

ಅವನು ಸೂರಿನ ಕಡೆ ನೋಡುತ್ತಲೇ ಇದ್ದ. "ಇದೀಯಾ?" ಎಂದು ಮತ್ತೆ ಕೇಳಿದ.

"ಇದೀನಿ."

ಅಷ್ಟು ಸಾಕಾಯಿತು ಅವನಿಗೆ. ಕಣ್ಣು ಮುಚ್ಚಿದ.

* * *

ಕಾರು ಬರುವ ಸದ್ದು ಕೇಳಿದಾಗ ಆಕೆ ಎದ್ದು ಒಳಗೆ ಹೋದಳು. ಮಡಚುವ ಮೆಟ್ಟಿಲನ್ನು ಎತ್ತಿ ಒಳಗೆಳೆದುಕೊಂಡು ಬಾಗಿಲಿನ ಅಗುಳಿ ಹಾಕಿದಳು. ಗ್ಯಾಸು ಹಚ್ಚಿ ಟೀಗೆ ನೀರಿಟ್ಟಳು. ಕೈ ರೂಢಿಯಂತೆ ಎರಡು ಲೋಟದ ನೀರು ಹಾಕಿತು. ಒಂದನ್ನು ಚೆಲ್ಲಿದಳು.

"ಅಮ್ಮ," ಮಗಳು ಬಾಗಿಲು ಬಡಿದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಎಲ್ಲಾ ಮುಗಿದುಹೋಯ್ತಮ್ಮ. ಗ್ಯಾರೇಜಿನವನು ಫೋನ್ ಮಾಡಿ ಬೀಗದ ಕೈ ಯಾರ ಹತ್ರ ಇದೆ ಅಂದ. ಆಗ್ಲೇ... ಆಗ್ಲೇ ನಿನ್ನ ಹುಡುಕಿದ್ದು."

ಬೀಗದ ಕೈ ಆಕೆಯ ಸೊಂಟದಲ್ಲಿತ್ತು. ಒಮ್ಮೆ ಮುಟ್ಟಿ ನೋಡಿಕೊಂಡಳು.

"ಅತ್ತೆ, ಬನ್ನಿ," ಅಳಿಯ ಮೆಟ್ಟಿಲು ಇರಬೇಕಾದ ಕಡೆ ಕಾಲಿಡಲು ಹೋಗಿ ಮುಗ್ಗರಿಸಿದ. "ಕಾರು ಹತ್ತಿ, ಹೊರಡೋಣ. ಕತ್ತಲಾಗ್ತಿದೆ."

ಟೀ ಉಕ್ಕಿತು. ಸೋಸಿ ಲೋಟಕ್ಕೆ ಬಗ್ಗಿಸಿ, ಮೈ ಓರೆ ಮಾಡಿಕೊಂಡು ಬೀರುವನ್ನು ದಾಟಿ, ಆಕೆ ಹಿಂದಿನ ಹಾಸಿಗೆಯ ಮೇಲೆ ಕೂತಳು. ಗಂಡನ ಮೈ ಒತ್ತಿ ಆದ ತಗ್ಗು ಹಾಗೇ ಇತ್ತು. ಈ ಬಸ್ಸು ಎಲ್ಲಿಗೂ ಹೋಗುವುದಿಲ್ಲ. ಓಡಿಸಲು ಆಕೆಗೆ ಬರುವುದಿಲ್ಲ, ಯಾರೂ ಕಲಿಸಲಿಲ್ಲ. ನಾಳೆ ಬೆಳಿಗ್ಗೆ ಆ ನಾಲ್ಕು ಮರಗಳೂ ಇದ್ದಲ್ಲೇ ಇರುತ್ತವೆ.

ಮಗಳು ಸುತ್ತಿಕೊಂಡು ಮುಂದೆ ಹೋಗಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಡ್ರೈವರನ ಕಿಟಕಿಯ ಗಾಜಿಗೆ ಮುಖ ಒತ್ತಿದಳು. ಕತ್ತಲ ಬಸ್ಸಿನ ಉದ್ದಕ್ಕೂ ಕಣ್ಣು ಹಾಯಿಸಿದಳು.

"ಅಮ್ಮ, ಇದೀಯಾ?"

ಆಕೆಯ ಬಾಯಿ ತಾನಾಗಿ ತೆರೆಯಿತು. ಅದಕ್ಕೆ ಒಂದು ಗುಟುಕು ಟೀ ಕೊಟ್ಟು ಮುಚ್ಚಿಸಿ, ಇನ್ನೊಂದು ಕೈ ಚಾಚಿ, ಪರದೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ಎಳೆದಳು.