ತಿದ್ದುಪಡಿಗಳನ್ನು ರಾಶಿ ಹಾಕಿದ ಡ್ರೂಸಿಲ್ಲಾ

ಜಾರ್ಜಿಯಾ ಕರಾವಳಿಯ ಆ ದ್ವೀಪಕ್ಕೆ ದೋಣಿ ಬರುವುದು ವಾರಕ್ಕೆ ಎರಡೇ ಸಲ. ಹೆರಿಗೆ ನೋವಾದರೂ ಅಷ್ಟೇ, ಹಲ್ಲುನೋವಾದರೂ ಅಷ್ಟೇ. ಇನ್ನೊಂದು ದೋಣಿ ಕೊಡಿ ಎಂದು ಹೋದರೆ ಆಚೆ ದಡದವರು ಮತದಾರರ ಪಟ್ಟಿ ತೆಗೆದು ನೋಡುತ್ತಿದ್ದರು. ದ್ವೀಪದ ಕಪ್ಪು ಜನರ ಒಂದು ಹೆಸರೂ ಅದರಲ್ಲಿಲ್ಲ. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಪಟ್ಟಿಗೆ ಸೇರಲು ಸಂವಿಧಾನದ ಬಗ್ಗೆ ಗುಮಾಸ್ತ ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕಿತ್ತು. 1964ರ ಮಾರ್ಚಿನಲ್ಲಿ, ಜೌಗಿನಲ್ಲಿ ಸಿಂಪಿ ಚಿಪ್ಪು ಆಯುವ ಡ್ರೂಸಿಲ್ಲಾ ಇಪ್ಪತ್ತನಾಲ್ಕೂ ತಿದ್ದುಪಡಿಗಳನ್ನು ಬಾಯಿಪಾಠ ಮಾಡಿ ಹೋದಳು. ಗುಮಾಸ್ತ ಹದಿನೈದನೆಯದನ್ನು ಕೇಳಿದ. ಅವಳು ಒಂದರಿಂದ ಶುರುಮಾಡಿ ಏಳಕ್ಕೆ ಬರುವಷ್ಟರಲ್ಲಿ ಅವನು ಬಾಗಿಲು ತೋರಿಸಿದ. ಹೆಸರು ಬರೆಸಲು ಇನ್ನು ಉಳಿದದ್ದು ಏಪ್ರಿಲಿನ ಒಂದೇ ದಿನ. ಅದೂ ತಪ್ಪಿದರೆ ಈ ಸಲದ ಓಟು ಇಲ್ಲ.

"ಬಿಟ್ಹಾಕೇ," ಅಂದ ಗಂಡ ಸೀಫಸ್. "ಆ ಸಂವಿಧಾನದ ಪುಸ್ತಕ ನಮ್ಮಂಥೋರಿಗೆ ಬರೆದಿದ್ದಲ್ಲ."

"ನಿನ್ನ ತಲೆ! ಯಾರಿಗೆ ಬರೆದಿದ್ದು ಅಂತ ಓದಿ ನೋಡಿದ್ದೀಯಾ?" ಎಂದಳು ಚರ್ಚಿನಲ್ಲಿ ಪಾಠ ಹೇಳುವ ದರ್ಜಿ ಒಡೆಸ್ಸಾ. "ಡ್ರೂಸಿ, ಸಿಂಪಿ ಆಯೋವಾಗ ನಂಬರ್ ಹಾಕ್ತೀಯೇನೇ?"

"ಇಲ್ಲ ಸಿಸ್ಟರ್. ಒಂಟಿದು ಒಂದ್ಕಡೆ, ಗೊಂಚಲು ಒಂದ್ಕಡೆ, ಸತ್ತಿದ್ದು ನೀರಿಗೆ."

"ಇದನ್ನೂ ಹಂಗೇ ಆಯಿ. ಯಾವ್ದು ಯಾವ್ದರ ಪಕ್ಕ ಕೂರುತ್ತೆ ನೋಡು."

ಕಡಲಿನ ಇಳಿತದ ಹೊತ್ತು. ಜೌಗಿನ ಹುಲ್ಲು ಇಡೀ ದ್ವೀಪವೇ ಉಸಿರಾಡುವಂತೆ ಏಳುತ್ತ ಬೀಳುತ್ತ ಇತ್ತು. ಡ್ರೂಸಿಲ್ಲಾಳ ಕಣ್ಣು ಅರ್ಧ ಮುಚ್ಚಿತು. ಅಂಕಿಗಳು ನೀರಿನಡಿಯಿಂದ ಒಂದೊಂದಾಗಿ ತೇಲಿ ಬಂದು ತಮ್ಮ ತಮ್ಮವರನ್ನು ಹುಡುಕಿಕೊಂಡವು. ಮಾತಿಗೂ ಮನೆಗೂ ಕಾವಲು ನಿಂತ ಮೊದಲ ನಾಲ್ಕು ಒಂದು ಕಡೆ. ಕೋರ್ಟಿನಲ್ಲಿ ಕೈಹಿಡಿಯುವ ಐದರಿಂದ ಎಂಟು ಇನ್ನೊಂದು ಕಡೆ. ಗುಲಾಮಗಿರಿ ಮುರಿದ ಹದಿಮೂರು, ಎಲ್ಲರೂ ಸಮ ಎಂದ ಹದಿನಾಲ್ಕು, ಎರಡೂ ಅಕ್ಕತಂಗಿಯರಂತೆ ಕೈ ಹಿಡಿದು ಬಂದವು. ಓಟಿನ ಮಾತಾಡುವವು ಬೇರೆಯೇ ಒಂದು ರಾಶಿಯಾದವು.

"ಹದಿನೆಂಟು ಒಂಟಿ ನಿಂತಿದೆಯಲ್ಲ ಸಿಸ್ಟರ್."

"ಹೆಂಡ ಮುಚ್ಚಿಸಿದ್ದು ಅದು," ಸೀಫಸ್ ತಟ್ಟನೆ ಬಾಯಿ ಹಾಕಿದ. "ತೆಗೆಸಿದ್ದು ಇಪ್ಪತ್ತೊಂದು. ಜೋಡಿ ಮಾಡು."

"ನೋಡಪ್ಪಾ, ಇದು ಮಾತ್ರ ನಿನಗೇ ಬರೆದಿದ್ದು!" ಒಡೆಸ್ಸಾ ನಕ್ಕಳು. ಸೀಫಸ್ ಅಲ್ಲಿಂದ ಏಳಲಿಲ್ಲ.

ಏಪ್ರಿಲಿನಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ: "ಹತ್ತೊಂಬತ್ತು?"

ಡ್ರೂಸಿಲ್ಲಾ ಓಟಿನ ರಾಶಿಗೆ ಕೈ ಹಾಕಿದಳು. "ಹೆಂಗಸು ಅಂತ ಓಟು ತಪ್ಪಿಸೋ ಹಾಗಿಲ್ಲ ಸರ್. ಪಕ್ಕದಲ್ಲೇ ಹದಿನೈದು, ಬಣ್ಣ ನೋಡಿ ತಪ್ಪಿಸೋ ಹಾಗಿಲ್ಲ. ಇಪ್ಪತ್ನಾಲ್ಕು, ತೆರಿಗೆ ಕಟ್ಟಿಲ್ಲ ಅಂತ..."

"ಸಾಕು," ಎಂದು ಅವನು, ಪಟ್ಟಿಯಲ್ಲಿ ಅವಳು ಸಹಿ ಮಾಡಲು ಪೆನ್ನು ಚಾಚಿದ.

ಹೊರಗೆ ಕಾದಿದ್ದ ಸೀಫಸ್ ಅವಳ ಮುಖ ನೋಡಿ ಟೊಪ್ಪಿ ತೆಗೆದ. "ನಂಗೂ ಹೇಳ್ಕೊಡೇ. ಓಟಿನ ರಾಶಿಯಿಂದಲೇ ಶುರು ಮಾಡು."

ಓದುವವರೇ, ಕೇಳುವವರೇ, ಸಂವಿಧಾನ ವಕೀಲರ ಸೊತ್ತು ಎಂದು ಕೈಕಟ್ಟಿ ಕೂತದ್ದು ಸಾಕು. ಅಂಕಿ ಹಿಡಿದು ಉರುಹೊಡೆಯಬೇಡಿ. ನಿಮ್ಮ ದೇಶದ ತಿದ್ದುಪಡಿಗಳಲ್ಲಿ ಓಟಿನದು ಯಾವುದು, ಶಾಲೆಯದು ಯಾವುದು, ದುಡಿಮೆಯದು ಯಾವುದು ಎಂದು ನಾಲ್ಕು ಜನ ಕೂಡಿ ವಿಂಗಡಿಸಿ. ಇಂದೇ ಹೋಗಿ ಮತದಾರರ ಪಟ್ಟಿ ನೋಡಿ. ನಿಮ್ಮ ಹೆಸರು ಇಲ್ಲದಿದ್ದರೆ, ಬರೆಸದೆ ಮನೆಗೆ ಬರಬೇಡಿ.