ಗುರುತಿಲ್ಲದ ಉರಿ

ಸನ್ಮಾನ ಎಂದರೆ ಡಾಕ್ಟರಮ್ಮ ಮಾರುದೂರ. ಆಸ್ಪತ್ರೆಯವರು ಎರಡು ಸಲ ಕೇಳಿದಾಗಲೂ ಒಲ್ಲೆ ಎಂದವರು ಈ ಸಲ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ತಾವು ಪತ್ತೆಹಚ್ಚಿದ ಕಾಯಿಲೆಯ ಮಕ್ಕಳನ್ನೆಲ್ಲ ಒಟ್ಟಿಗೆ ಕರೆಸಬೇಕು. ಇದ್ದವರು ಐದೇ ಮಕ್ಕಳು, ಒಬ್ಬೊಬ್ಬರದು ಒಂದೊಂದು ಊರು. ತನ್ನಂಥ ಇನ್ನೊಂದು ಮಗುವನ್ನು ಅವರಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಬಿಸಿಲು ತಾಕಿದರೆ ಆ ಮಕ್ಕಳಿಗೆ ಚರ್ಮದೊಳಗೆ ಕೆಂಡ ಸುರಿದಂಥ ಉರಿ. ಹೊರಗೆ ನೋಡಿದರೆ ಗುಳ್ಳೆಯಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಸೋಗು ಹಾಕುತ್ತಿವೆ ಎಂದು ವೈದ್ಯರೇ ಗದರಿ ಕಳಿಸುತ್ತಿದ್ದ ಕಾಲದಲ್ಲಿ ಡಾಕ್ಟರಮ್ಮ ಮಗುವಿನ ಮಾತನ್ನೇ ಲಕ್ಷಣವೆಂದು ಹಿಡಿದರು. ವರ್ಷಗಟ್ಟಲೆ ಹುಡುಕಿ, ಬೆಳಕು ಬಿದ್ದರೆ ಕೆರಳುವ ವಸ್ತುವೊಂದು ಅವರ ರಕ್ತದಲ್ಲೇ ಸೇರಿಕೊಂಡಿದೆ ಎಂದು ತೋರಿಸಿಕೊಟ್ಟರು. ಈಗ ಪಠ್ಯಪುಸ್ತಕದಲ್ಲಿ ಕಾಯಿಲೆಗೆ ಅವರದೇ ಹೆಸರು.

ಸೊಸೆ ಕಾರು ನಿಲ್ಲಿಸಿದಾಗ ಡಾಕ್ಟರಮ್ಮ ಇಳಿಯದೆ ಹಾಗೇ ಕೂತರು. ಆಸ್ಪತ್ರೆಯ ಮುಂದಿನ ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆಯ ಚಪ್ಪರ, ಅದರಡಿ ವೇದಿಕೆ. ಸುತ್ತ ಮಟಮಟ ಮಧ್ಯಾಹ್ನ. ನಿರ್ದೇಶಕ ಓಡಿ ಬಂದ. ಹಿಂದೆ ಅವರ ಕೈಕೆಳಗೇ ಕಲಿತವನು.

“ಪೂರ್ತಿ ನೆರಳು ಮಾಡಿಸಿದ್ದೀವಿ ಮೇಡಂ. ಒಂದು ಚೂರು ಬಿಸಿಲೂ ಬೀಳಲ್ಲ.”

ಡಾಕ್ಟರಮ್ಮ ಸೊಸೆಯ ತೋಳು ಹಿಡಿದು ಚಪ್ಪರದೊಳಗೆ ನಡೆದರು. ಮೇಜಿನ ಬಿಳಿ ಹೊದಿಕೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಚಾಚಿದರು. ಚಪ್ಪರದ ಬಟ್ಟೆ ತೂರಿ ಬಂದ ಬೆಳಕಿಗೆ ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿತ್ತು.

“ಇದನ್ನ ನಿನಗೆ ಹೇಳಿಕೊಟ್ಟೋಳು ನಾನೇ ಅಲ್ವೇನಪ್ಪ? ಬೆರಳಿನ ನೆರಳು ಕಂಡರೆ ಆ ಜಾಗ ಈ ಮಕ್ಕಳಿಗಲ್ಲ ಅಂತ?”

ನಿರ್ದೇಶಕನ ಮುಖ ಇಳಿಯಿತು. “ಮರೆತೇಹೋಯ್ತು ಮೇಡಂ. ಮಕ್ಕಳು ಗಾಡೀಲಿ ಪರದೆ ಎಳ್ಕೊಂಡು ಕೂತಿದ್ದಾರೆ. ಒಳಗೆ ಒಂದೊಂದು ಕೋಣೆ ಕೊಟ್ಟು ಟೀವೀಲಿ ತೋರಿಸಿಬಿಡೋಣ.”

“ಆಗಲಿ. ನಾನೂ ಒಳಗೇ ಕೂತು ನೋಡ್ತೀನಿ. ನೀನು ಖಾಲಿ ಕುರ್ಚಿಗೆ ಸನ್ಮಾನ ಮಾಡು.”

ಸೊಸೆ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. “ಅತ್ತೆ, ಪಾಪ, ಬೆವರ್ತಿದ್ದಾರೆ.”

“ಬೆವರಲಿ ಬಿಡಮ್ಮ, ಅವನಿಗೇನೂ ಉರಿಯಲ್ಲ.”

ಕೊನೆಗೆ ಸಿಕ್ಕಿದ್ದು ಎಕ್ಸ್‌-ರೇ ವಿಭಾಗದ ಹಿಂದಿನ ಉಗ್ರಾಣ. ಕಿಟಕಿಯಿಲ್ಲ, ಹಾಲುಗಾಜಿನ ಬುರುಡೆಯೊಳಗೆ ಒಂದು ಮಂಕು ಹಳದಿ ಬಲ್ಬು, ಮುರಿದ ಮಂಚಗಳು. ಮಂಚಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದರು. ಪದಕ ಕೊಡಲು ಬಂದಿದ್ದ ಮುಖ್ಯ ಅತಿಥಿಗೆ ಕೂರಲು ಸಿಕ್ಕಿದ್ದು ಒಂದು ಮರದ ಪೆಟ್ಟಿಗೆ. ಡಾಕ್ಟರಮ್ಮ ಮತ್ತೆ ಅಂಗೈ ಚಾಚಿದರು. ಬಿದ್ದದ್ದು ಬರೀ ಮಬ್ಬು ಕಲೆ.

“ಈಗ ಕರ್ಕೊಂಡು ಬನ್ನಿ.”

ಟೋಪಿ, ಕೈಗವಸು ತೊಟ್ಟು ಮೂಗಿನವರೆಗೆ ಬಟ್ಟೆ ಹೊದ್ದ ಐದು ಮಕ್ಕಳು ಬಂದು ತಮ್ಮತಮ್ಮ ಅಪ್ಪ ಅಮ್ಮಂದಿರಿಗೆ ಅಂಟಿಕೊಂಡು ಕೂತವು. ತಲೆ ಎತ್ತಲಿಲ್ಲ. ಡಾಕ್ಟರಮ್ಮನಿಗೆ ಒಳಗೊಳಗೇ ಅಳುಕಾಯಿತು. ಇಷ್ಟು ದೂರ ಎಳೆದು ತಂದದ್ದು ತಮ್ಮ ಹಟಕ್ಕೋ, ಅವುಗಳ ಹಿತಕ್ಕೋ? ಒಬ್ಬರನ್ನೊಬ್ಬರು ನೋಡದೆ ಹೀಗೇ ಎದ್ದು ಹೋದರೆ ಮತ್ತೆ ಒಟ್ಟಿಗೆ ತರುವುದು ತಮ್ಮ ಈ ವಯಸ್ಸಿಗೆ ಆಗದ ಮಾತು.

ನಿರ್ದೇಶಕ ಅಭಿನಂದನಾ ಪತ್ರ ಓದತೊಡಗಿದ. ಅಷ್ಟರಲ್ಲಿ ಮೂಲೆಯ ಹುಡುಗ ಮಬ್ಬನ್ನು ನಂಬಿ ಒಂದು ಕೈಗವಸು ಕಳಚಿದ. ಎದುರಿನ ಹುಡುಗಿ ಆ ಕೈಯನ್ನೇ ನೋಡಿದಳು.

“ನಿಂಗೂ ಒದ್ದೆ ಬಟ್ಟೆ ಸುತ್ತುತಾರಾ?”

“ಹೂಂ. ಉರಿ ಬಂದಾಗ ಫ್ಯಾನ್ ಗಾಳಿನೂ ಆಗಲ್ಲ.”

“ನಂಗೂ ಆಗಲ್ಲ. ನಮ್ಮ ಟೀಚರ್ ನಾಟಕ ಅಂತಾರೆ.”

“ನಮ್ಮಜ್ಜಿನೂ ಹಂಗೇ,” ಎಂದಿತು ಇನ್ನೊಂದು ಕಡೆಯಿಂದ ಮೂರನೆಯ ದನಿ. ಒಂದು ಕುರ್ಚಿ ಸರಿಯಿತು, ಆಮೇಲೆ ಇನ್ನೊಂದು.

“ಮಕ್ಕಳೇ, ಸ್ವಲ್ಪ ನಿಶ್ಶಬ್ದ,” ಎಂದ ನಿರ್ದೇಶಕ.

“ನೀನು ಸುಮ್ನಿರಪ್ಪ,” ಎಂದರು ಡಾಕ್ಟರಮ್ಮ.

ಪತ್ರ ಅರ್ಧಕ್ಕೇ ನಿಂತಿತು. ಪದಕ ಹಿಡಿದುಕೊಂಡಿದ್ದ ಮುಖ್ಯ ಅತಿಥಿ ಪೆಟ್ಟಿಗೆಯ ಮೇಲೆ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಮಕ್ಕಳ ಮಾತು ಮುಗಿಯುವ ಹಾಗೆ ಕಾಣಲಿಲ್ಲ.